ಹುಣಸೆ ಬೀಜದ ಲೆಕ್ಕಕ್ಕೆ ಯಾಕೆ ಇಷ್ಟು ಸಿಟ್ಟು?



ಪೋಸ್ಟ್ ಉದ್ದ ಇದೆ. ಪುರುಸೊತ್ತಿದ್ದವರು ಈಗಲೇ ಓದಿ, ಇಲ್ಲದವರು ಸೇವ್ ಮಾಡಿಟ್ಟು ರಾತ್ರಿ ಓದಿ. ಓದದೆಯೇ ಕಮೆಂಟ್ ಹಾಕುವ ನಮ್ಮ ಕೆಲವು ಖಾಯಂ ಗೆಳೆಯರಿಗೆ ಉತ್ತರ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಹದಿನೈದು ದಿನದಿಂದ ಒಂದು ವಾಟ್ಸಾಪ್ ಗುಂಪಿನಲ್ಲಿ ನಮ್ಮ ಮೇಲೆ ಎರಡು ಆರೋಪ ಓಡಾಡುತ್ತಿವೆ. ಒಂದು, "ದಲಿತ ಸಂಘಟನೆಯವರಿಗೆ ಗಣಿತ ಪಾಠದಲ್ಲಿ ಎಂತ ಕೆಲಸ?" ಇನ್ನೊಂದು, "ಶಾಲೆಯೊಳಗೆ ಬಂದು ಮಕ್ಕಳ ತಲೆಗೆ ಜಾತಿ ತುಂಬಿಸ್ತಿದ್ದಾರೆ." ಎರಡಕ್ಕೂ ಇಲ್ಲೇ ಉತ್ತರ ಬರೆಯುತ್ತೇನೆ. ಆ ಗುಂಪಿನಲ್ಲಿ ನಾನಿಲ್ಲ. ಆದರೆ ಸ್ಕ್ರೀನ್‌ಶಾಟ್ ಕಳಿಸುವ ಪುಣ್ಯಾತ್ಮರು ಎಲ್ಲ ಕಡೆ ಇರುತ್ತಾರೆ.

ನಡೆದದ್ದು ಇಷ್ಟು. ನಮ್ಮ ಮೂರು ತಾಲೂಕಿನ ಪೈಕಿ ಒಂದು ಕಡೆ, ಒಂದು ಸರ್ಕಾರಿ ಪ್ರೌಢಶಾಲೆ. ಕುಂದಾಪುರವೋ ಬೈಂದೂರೋ ಬ್ರಹ್ಮಾವರವೋ ಅಂತ ಕೇಳಬೇಡಿ, ಹೇಳುವುದಿಲ್ಲ. ನಮ್ಮ ಮಕ್ಕಳು ನಾಳೆಯೂ ಅದೇ ಶಾಲೆಗೆ ಹೋಗಬೇಕು, ಆ ಗಣಿತ ಟೀಚರ್ ಕೂಡ ಅಲ್ಲೇ ಕೆಲಸ ಮಾಡಬೇಕು. ಒಂಬತ್ತನೇ ಕ್ಲಾಸಿನ ಸಂಖ್ಯಾಶಾಸ್ತ್ರ ಪಾಠಕ್ಕೆ ಟೀಚರೇ ನಮ್ಮನ್ನು ಕರೆದಿದ್ದರು. ಭಾನುವಾರ ಕಾಲೊನಿಗಳಲ್ಲಿ ನಾವು ಮಕ್ಕಳ ಜೊತೆ ಮಾಡುವ ಲೆಕ್ಕದ ಆಟಗಳನ್ನು ಅವರು ನೋಡಿದ್ದರು. ನಾವು ಮೂರು ಜನ ಹೋದೆವು.

ವರಾಂಡದ ಮೇಲೆ ಚಾಕ್‌ಪೀಸಿನಲ್ಲಿ ಒಂದು ಉದ್ದ ಗೆರೆ ಎಳೆದೆವು. ಸೊನ್ನೆಯಿಂದ ಅರವತ್ತರವರೆಗೆ, ಐದೈದಕ್ಕೆ ಒಂದು ಗುರುತು. ಪ್ರಶ್ನೆ ಒಂದೇ. ಏಪ್ರಿಲ್ ತಿಂಗಳಲ್ಲಿ ನಿಮ್ಮ ಮನೆಗೆ ಒಂದು ಕೊಡಪಾನ ಕುಡಿಯುವ ನೀರು ತರಲು, ಹೋಗಿ ಬರಲು, ಎಷ್ಟು ನಿಮಿಷ ಬೇಕು? ಒಂದು ವಾರ ಮೊದಲೇ ಕೇಳಿ, ಮನೆಯವರ ಜೊತೆ ನಡೆದು, ಗಡಿಯಾರ ನೋಡಿ ಬರೆದುಕೊಂಡು ಬರಲು ಹೇಳಿದ್ದೆವು. ಆಗ ಒಬ್ಬಳು ಹುಡುಗಿಯ ಅಮ್ಮ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಎಂತ ಅಣ್ಣ, ನೀರ್ ತಪ್ಪುಕ್ ಹೋಪ್ದೂ ಲೆಕ್ಕವಾ?" ಅಂತ ನಕ್ಕಿದ್ದರು. ಈಗ ಮಕ್ಕಳು ತಮ್ಮ ತಮ್ಮ ನಿಮಿಷದ ಗುರುತಿನ ಮೇಲೆ ಹೋಗಿ ನಿಂತರು. ಒಂದೇ ಗುರುತಿಗೆ ಹಲವರು ಬಂದರೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ. ಅಷ್ಟೇ. ಬೋರ್ಡಿನ ಮೇಲೆ ಬರೆಯುವ ಸ್ತಂಭಾಲೇಖ ವರಾಂಡದಲ್ಲಿ ಮಕ್ಕಳ ಮೈಯಲ್ಲೇ ಎದ್ದು ನಿಂತಿತು.

ಆಮೇಲೆ ಟೀಚರ್ ಎಲ್ಲರ ನಿಮಿಷ ಕೂಡಿಸಿ, ಮಕ್ಕಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆಸಿದರು. ಒಬ್ಬ ಹುಡುಗ ಕೆಂಪು ಚಾಕ್ ತೆಗೆದುಕೊಂಡು ಹೋಗಿ ಗೆರೆಯ ಮೇಲೆ ಸರಾಸರಿಯನ್ನು ಗುರುತಿಸಿದ. ಗುರುತಿಸಿ ತಲೆ ಎತ್ತಿ ನೋಡಿದ. "ಇಲ್ಲ್ ಯಾರೂ ಇಲ್ಲೆ ಅಲ್ದಾ?" ಅಂದ. ಹೌದು, ಆ ಜಾಗದಲ್ಲಿ ಒಬ್ಬ ಮಗುವೂ ನಿಂತಿರಲಿಲ್ಲ. ಒಂದು ಗುಂಪು ಸೊನ್ನೆಯ ಹತ್ತಿರ. ಮನೆ ಬಾವಿ, ಪಂಪು, ಅಂಗಳದ ನಲ್ಲಿಯವರು. ಇನ್ನೊಂದು ಗುಂಪು ದೂರದಲ್ಲಿ, ಗೆರೆಯ ಆಚೆ ತುದಿಗೆ. ನಡುವೆ ಖಾಲಿ ಸಿಮೆಂಟು ನೆಲ, ಅದರ ಮೇಲೆ ಒಂದು ಕೆಂಪು ಗೀಟು.

ಯಾರ ಜಾತಿಯನ್ನೂ ನಾವು ಕೇಳಲಿಲ್ಲ. ಕೇಳಬಾರದು ಅಂತ ನಮ್ಮ ಕಡೆಯಿಂದಲೇ ಕಟ್ಟುನಿಟ್ಟಿನ ನಿಯಮ ಇದೆ. ತರಗತಿಯಲ್ಲಿ ಮಗುವಿನ ಬಾಯಲ್ಲಿ ಜಾತಿ ಹೇಳಿಸುವುದು ಎಂಥಾ ಅವಮಾನ ಅಂತ ಸ್ಕಾಲರ್‌ಶಿಪ್ ಫಾರ್ಮಿಗಾಗಿ ಕ್ಲಾಸಿನ ನಡುವೆ ಎದ್ದು ನಿಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಕೇಳಿದ್ದು ನಿಮಿಷ. ಯಾರು ಗೆರೆಯ ಯಾವ ತುದಿಗೆ ನಿಂತರು ಅಂತ ಆ ಊರಿನವರಿಗೆ ನಾನು ಬಿಡಿಸಿ ಹೇಳಬೇಕಾ?

ಮಕ್ಕಳು ಅದನ್ನೇ ಒಂದು ದಪ್ಪ ರಟ್ಟಿನ ಮೇಲೆ ಮಾಡಿದರು. ಒಬ್ಬ ವಿದ್ಯಾರ್ಥಿಗೆ ಒಂದು ಹುಣಸೆ ಬೀಜ, ಫೆವಿಕಾಲ್ ಹಾಕಿ ಅಂಟಿಸಿ, ಕೆಳಗೆ ನಿಮಿಷಗಳನ್ನು ಬರೆದು, ಸರಾಸರಿ ಇರುವ ಕಡೆ ಒಂದು ಕೆಂಪು ದಾರ. ಹೆಸರಿಲ್ಲ, ವಾರ್ಡಿಲ್ಲ, ಕಾಲೊನಿ ಅನ್ನುವ ಪದವೂ ಇಲ್ಲ. ಶಾಲೆಯ ಗಣಿತ ಮೇಳದಲ್ಲಿ ಇಟ್ಟರು. ಅತಿಥಿಗಳು ಬರುವ ಅರ್ಧ ಗಂಟೆ ಮೊದಲು ಶಾಲೆಗೆ ಬೇಕಾದ ಗಣ್ಯರೊಬ್ಬರು ಬಂದು ನೋಡಿ, "ಇದನ್ನು ತೆಗೀರಿ, ಊರಿನ ಮರ್ಯಾದೆ ಪ್ರಶ್ನೆ" ಅಂದರು. ತೆಗೆದರು. ಆ ಜಾಗಕ್ಕೆ ಥರ್ಮಾಕೋಲಿನ ಪೈಥಾಗೊರಸ್ ಬಂದ.

ನನಗೆ ಆ ಗಣ್ಯರ ಮೇಲೆ ಒಂದು ವಿಷಯಕ್ಕೆ ಗೌರವ ಇದೆ. ಬೀಜ ಅಂಟಿಸಿದ ಒಂದು ರಟ್ಟು ನೋಡಿ ಹತ್ತು ಸೆಕೆಂಡಿನಲ್ಲಿ ಅದರ ಅರ್ಥ ತಿಳಿದುಕೊಂಡರಲ್ಲ! ಗ್ರಾಫ್ ಓದುವುದು ಅಂದರೆ ಅದೇ. ನಾವು ಮಕ್ಕಳಿಗೆ ಕಲಿಸಲು ಹೊರಟದ್ದು ಅವರಿಗೆ ಆಗಲೇ ಬರುತ್ತದೆ. ಹಾಗಾದರೆ ಜಾತಿ ತುಂಬಿದವರು ಯಾರು ಸ್ವಾಮಿ? ರಟ್ಟಿನ ಮೇಲೆ ಇಲ್ಲದ ಪದವನ್ನು ಓದಿದವರು ನೀವು.

ಈಗ ಮೊದಲ ಆರೋಪಕ್ಕೆ ಬರುತ್ತೇನೆ. ನಮಗೂ ಗಣಿತ ಪಾಠಕ್ಕೂ ಎಂತ ಸಂಬಂಧ ಅಂತ.

"ಪಾಸಿಂಗ್ ಪ್ಯಾಕೇಜ್" ಅಂದರೆ ಏನು ಅಂತ ಹೈಸ್ಕೂಲು ಮಕ್ಕಳಿರುವ ಮನೆಯವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಸ್‌ಎಸ್‌ಎಲ್‌ಸಿಯಲ್ಲಿ ಪಾಸಾಗುವುದೇ ಕಷ್ಟ ಅಂತ ಶಾಲೆ ತೀರ್ಮಾನಿಸಿದ ಮಕ್ಕಳನ್ನು ಬೇರೆ ಕೂರಿಸಿ, ಖಾತ್ರಿಯಾಗಿ ಬರುವ ಪ್ರಶ್ನೆಗಳನ್ನು ಮಾತ್ರ ಬಾಯಿಪಾಠ ಮಾಡಿಸುವುದು. ಗಣಿತದಲ್ಲಿ ಆ ಪ್ಯಾಕೇಜಿನ ರಾಜ ಯಾರು ಗೊತ್ತಾ? ನಮ್ಮ ಸಂಖ್ಯಾಶಾಸ್ತ್ರ. ಸರಾಸರಿ, ಮಧ್ಯಾಂಕ, ಬಹುಲಕ, ಮೂರರಲ್ಲಿ ಒಂದು ಬಂದೇ ಬರುತ್ತದೆ, ಸೂತ್ರ ಬರೆದರೆ ಒಂದು ಮಾರ್ಕು, ಕೋಷ್ಟಕ ತುಂಬಿದರೆ ಇನ್ನೊಂದು, ಉತ್ತರ ತಪ್ಪಾದರೂ ಎರಡು ಗ್ಯಾರಂಟಿ. ಎಫ್ ಕಾಲಮ್ಮು, ಎಕ್ಸ್ ಕಾಲಮ್ಮು, ಎಫ್‌ಎಕ್ಸ್ ಕಾಲಮ್ಮು, ಕೂಡಿಸು, ಭಾಗಿಸು. ಎಂತದನ್ನು ಎಣಿಸಿದ್ದು, ಯಾರು ಎಣಿಸಿದ್ದು, ಯಾಕೆ ಎಣಿಸಿದ್ದು ಅಂತ ಮಗು ಕೇಳುವುದೇ ಇಲ್ಲ. ಈ ಬೇರೆ ಕೂರಿಸಿದ ಸಾಲಿನಲ್ಲಿ ಯಾರ ಮನೆಯ ಮಕ್ಕಳು ಇರುತ್ತಾರೆ ಅಂತ ನೀವು ಯಾವುದೇ ಶಾಲೆಗೆ ಜನವರಿ ತಿಂಗಳಲ್ಲಿ ಹೋಗಿ ನೋಡಿ ಬನ್ನಿ. ನಾನು ಶಿಕ್ಷಕರನ್ನು ದೂರುತ್ತಿಲ್ಲ. ಫಲಿತಾಂಶ ಇಳಿದರೆ ನೋಟಿಸು ಬರುವುದು ಅವರಿಗೇ. ಆದರೆ ನಮ್ಮ ಮಕ್ಕಳ ಬದುಕಿಗೆ ಎಲ್ಲಕ್ಕಿಂತ ಹತ್ತಿರ ಇರುವ ಗಣಿತವನ್ನೇ ನಮ್ಮ ಮಕ್ಕಳಿಗೆ ಮಂತ್ರದ ಹಾಗೆ ಕಲಿಸುತ್ತಾರೆ. ಅರ್ಥ ಕೇಳದೆ ಮಂತ್ರ ಹೇಳುವುದರಿಂದ ನಮ್ಮವರಿಗೆ ಯಾವ ಕಾಲದಲ್ಲಿ ಒಳ್ಳೆಯದಾಗಿದೆ?

ನಾವು ಮಾಡಿಸುವುದು ಎಂತದು ಅಂತ ಹೇಳಿಬಿಡುತ್ತೇನೆ, ಗುಟ್ಟು ಏನಿಲ್ಲ.

ನಾಣ್ಯದ ಆಟ ಮಕ್ಕಳಿಗೆ ಬಹಳ ಇಷ್ಟ. ಎರಡು ಗುಂಪು ಮಾಡುವುದು. ಒಂದು ಗುಂಪು ನಿಜವಾಗಿ ನಾಣ್ಯವನ್ನು 100 ಸಲ ಚಿಮ್ಮಿ ಹೆಡ್ಡೋ ಟೇಲೋ ಬರೆಯಬೇಕು. ಇನ್ನೊಂದು ಗುಂಪು ನಾಣ್ಯ ಮುಟ್ಟದೆ, ಚಿಮ್ಮಿದ ಹಾಗೆ ಕಲ್ಪಿಸಿ 100 ಬರೆಯಬೇಕು. ಯಾವ ಹಾಳೆ ಯಾರದ್ದು ಅಂತ ನನಗೆ ಹೇಳಬಾರದು. ನಾನು ಹೊರಗೆ ಹೋಗಿ ಚಾ ಕುಡಿದು ಬಂದು ಹಾಳೆ ನೋಡಿ, ಕಳ್ಳ ಹಾಳೆ ಯಾವುದು ಅಂತ ಹೇಳುತ್ತೇನೆ. ಹೆಚ್ಚಿನ ಸಲ ಸರಿಯಾಗಿರುತ್ತದೆ. ಮಕ್ಕಳು ಮಂತ್ರವಾದಿ ಅಂತ ತಿಳಿಯುತ್ತಾರೆ. ವಿಷಯ ಸುಲಭ. ನಿಜವಾಗಿ 100 ಸಲ ಚಿಮ್ಮಿದರೆ ಸತತ ಐದು, ಆರು ಹೆಡ್ಡು ಅಥವಾ ಟೇಲು ಎಲ್ಲೋ ಒಂದು ಕಡೆ ಬಂದೇ ಬರುತ್ತದೆ. ಕೂತಲ್ಲೇ ಬರೆಯುವವನಿಗೆ ಅಷ್ಟು ಧೈರ್ಯ ಇರುವುದಿಲ್ಲ. ಮೂರಾಗುತ್ತಿದ್ದ ಹಾಗೆ ಬದಲಾಯಿಸಿಬಿಡುತ್ತಾನೆ. ಸುಳ್ಳು ಲೆಕ್ಕ ಯಾವಾಗಲೂ ನಿಜಕ್ಕಿಂತ ನೀಟಾಗಿರುತ್ತದೆ.

ಇದನ್ನು ತಿಳಿದ ಮಗು ನಾಳೆ ಸರ್ಕಾರದ ಒಂದು ಪಟ್ಟಿ ನೋಡಿದಾಗ ಏನು ಕೇಳಬಹುದು ಯೋಚಿಸಿ. ಮಲ ಹೊರುವ ಪದ್ಧತಿ ನಿಷೇಧಿಸಿ 2013ರಲ್ಲಿ ಹೊಸ ಕಾಯ್ದೆ ಬಂತು. ಹತ್ತು ವರ್ಷದ ನಂತರ, 2023ರಲ್ಲಿ, ದೇಶದ 766 ಜಿಲ್ಲೆಗಳ ಪೈಕಿ 530 ಜಿಲ್ಲೆಗಳು ನಮ್ಮಲ್ಲಿ ಅದು ಇಲ್ಲವೇ ಇಲ್ಲ ಅಂತ ಘೋಷಿಸಿಕೊಂಡಿವೆ ಎಂದು ಕೇಂದ್ರ ಸರ್ಕಾರವೇ ಹೇಳಿತು. ಸಾಲು ಸಾಲು ಸೊನ್ನೆ. ಗುಂಡಿಗೆ ಇಳಿದು ಸತ್ತವರ ಸುದ್ದಿ ಮಾತ್ರ ಪೇಪರಿನಲ್ಲಿ ನಿಂತಿಲ್ಲ. ಆ ಸೊನ್ನೆಗಳನ್ನು ನಾಣ್ಯ ಚಿಮ್ಮಿ ಬರೆದದ್ದಾ, ಕುರ್ಚಿಯಲ್ಲಿ ಕೂತು ಬರೆದದ್ದಾ?

ಇನ್ನೊಂದು ಬುಟ್ಟಿಯ ಪ್ರಯೋಗ. ನಮ್ಮ ಕೊರಗರು ನೇಯ್ದ ಬುಟ್ಟಿಯೇ ಬೇಕು ಅಂತ ನನ್ನ ಹಠ, ಪ್ಲಾಸ್ಟಿಕ್ ಡಬ್ಬಿಯಲ್ಲೂ ಮಾಡಬಹುದು. 400 ಹುಣಸೆ ಬೀಜ. 100ಕ್ಕೆ ಸುಣ್ಣ ಹಚ್ಚಿ ಅಡಿಯಲ್ಲಿ ಹಾಕುವುದು, ಮೇಲೆ ಉಳಿದ 300. ಮೊದಲ ಮಗು ಮೇಲಿಂದ ಒಂದು ಹಿಡಿ ತೆಗೆದು ಎಣಿಸಿ, ಸುಣ್ಣದ ಬೀಜ ಒಂದೂ ಇಲ್ಲ ಅಂತ ವರದಿ ಕೊಡುತ್ತದೆ. ಇನ್ನೊಬ್ಬಳು ಬಂದರೂ ಅದೇ ವರದಿ. ಆಮೇಲೆ ಚೆನ್ನಾಗಿ ಕಲಸಿ 8 ಬೀಜ ತೆಗೆಸುವುದು. ಒಬ್ಬರಿಗೆ ಎರಡು ಸಿಗುತ್ತದೆ, ಒಬ್ಬರಿಗೆ ನಾಲ್ಕು, ಒಬ್ಬರಿಗೆ ಸೊನ್ನೆ, ಜಗಳ. ಆಮೇಲೆ 40 ತೆಗೆಸುವುದು. ಈಗ ಹೆಚ್ಚಿನವರಿಗೆ ಏಳರಿಂದ ಹದಿಮೂರರ ಒಳಗೆ, ಹತ್ತರ ಆಸುಪಾಸು. ಎಲ್ಲವನ್ನೂ ಎಣಿಸದೆಯೇ ನಾಲ್ಕರಲ್ಲಿ ಒಂದು ಅಂತ ಹೇಳಬಹುದು ಅನ್ನುವುದು ಮಕ್ಕಳಿಗೆ ಕೈಯಿಂದಲೇ ಗೊತ್ತಾಗುತ್ತದೆ. ಮಹಲನೋಬಿಸ್ ಅವರು ಇಡೀ ದೇಶದ ಮಾದರಿ ಸಮೀಕ್ಷೆಯನ್ನು ಕಟ್ಟಿದ್ದು ಇದೇ ತತ್ವದ ಮೇಲೆ. ಅವರ ಹುಟ್ಟುಹಬ್ಬ ಜೂನ್ 29ನ್ನು ಸರ್ಕಾರ ಸಂಖ್ಯಾಶಾಸ್ತ್ರ ದಿನ ಅಂತ ಆಚರಿಸುತ್ತದೆ. ಆದರೆ ಮಹಲನೋಬಿಸ್‌ಗಿಂತ ಮುಖ್ಯ ಪಾಠ ಮೊದಲ ಹಿಡಿಯದ್ದು. ಕಲಸದೆ ಮೇಲಿಂದ ತೆಗೆದರೆ ಅಡಿಯಲ್ಲಿರುವವರು ಲೆಕ್ಕಕ್ಕೇ ಬರುವುದಿಲ್ಲ. ಜೀಪು ಹೋಗುವ ಮಣ್ಣುರಸ್ತೆ ಮುಗಿದ ಮೇಲೆ, ತೋಡು ದಾಟಿ, ಸಂಕ ದಾಟಿ ಹೋಗುವ ಮನೆಗಳಿಗೆ ಸರ್ವೆಯವರು ಬಂದಿದ್ದರಾ ಅಂತ ನಮ್ಮ ಅಜ್ಜಿಯಂದಿರನ್ನು ಕೇಳಿ.

ನೀರಿನ ವಿಷಯಕ್ಕೇ ಇನ್ನೊಮ್ಮೆ ಬರುತ್ತೇನೆ. ಯಾಕೆಂದರೆ "ಉಡುಪಿ ಜಿಲ್ಲೆಯಲ್ಲಿ ಎಂತ ನೀರಿನ ಸಮಸ್ಯೆ ಮಾರಾಯ್ರೆ, ಇಷ್ಟು ಮಳೆ ಬರುವಲ್ಲಿ" ಅಂತ ಒಬ್ಬರು ಬರೆದಿದ್ದಾರೆ. ವರ್ಷಕ್ಕೆ 4,000 ಮಿ.ಮೀ. ಮೇಲೆ ಮಳೆ, ಹೌದು. 365ರಿಂದ ಭಾಗಿಸಿ ನೋಡಿ, ದಿನಕ್ಕೆ 11 ಮಿ.ಮೀ. ವರ್ಷವಿಡೀ ದಿನಕ್ಕೆ 11 ಮಿ.ಮೀ. ಬೀಳುವ ಊರು ಇದ್ದರೆ ಅಲ್ಲಿ ಯಾರ ಬಾವಿಯೂ ಬತ್ತುವುದಿಲ್ಲ. ಆದರೆ ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಹೊಳೆ ಸೇರಿ, ಸಮುದ್ರ ಸೇರಿ ಮುಗಿದಿರುತ್ತದೆ. ಏಪ್ರಿಲ್‌ನಲ್ಲಿ ಆಳದ ಬಾವಿ ಇದ್ದವನಿಗೆ ನೀರಿದೆ, ಸಮುದ್ರದ ಬದಿಯ ಬಾವಿಗೆ ಉಪ್ಪು, ಐದು ಸೆಂಟ್ಸಿನ ಪಾರೆಕಲ್ಲಿನ ಜಾಗದವನಿಗೆ ಪಂಚಾಯಿತಿಯ ಟ್ಯಾಂಕರು. ಬಾಟ್ಲಿ ಕತ್ತರಿಸಿ ಮಳೆ ಅಳೆದು ತಿಂಗಳುವಾರು ಚಿತ್ರ ಬರೆದ ಆರನೇ ಕ್ಲಾಸಿನ ಮಗುವಿಗೆ ಇದು ಅರ್ಥವಾಗುತ್ತದೆ.

ಸೆಂಟ್ಸ್ ಅಂದ ಕೂಡಲೇ ಮಧ್ಯಾಂಕದ ಪಾಠ ನೆನಪಾಯಿತು. ಹತ್ತು ಚೀಟಿ ಮಾಡಿ ಹತ್ತು ಮಕ್ಕಳಿಗೆ ಹಂಚುತ್ತೇವೆ. ಒಂದು ಚೀಟಿಯಲ್ಲಿ 20 ಎಕರೆ, ಉಳಿದ ಒಂಬತ್ತರಲ್ಲಿ ಐದೈದು ಸೆಂಟ್ಸ್. ಒಟ್ಟು 2,045 ಸೆಂಟ್ಸ್, ಹತ್ತರಿಂದ ಭಾಗಿಸಿದರೆ ಸರಾಸರಿ ಎರಡು ಎಕರೆ ನಾಲ್ಕೂವರೆ ಸೆಂಟ್ಸ್! ಎಂಥಾ ಸಮೃದ್ಧ ಊರು! ಈಗ ಎಲ್ಲರನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಡುವಿನ ಇಬ್ಬರ ಚೀಟಿ ಓದಿಸಿ. ಐದು ಸೆಂಟ್ಸ್. ಪಾಠ ಮುಗಿಯಿತು. ಡಿ.ಸಿ. ಮನ್ನಾ ಭೂಮಿಗಾಗಿ ಕಚೇರಿ ಮೆಟ್ಟಿಲು ಸವೆಸುತ್ತಿರುವ ಅಪ್ಪಂದಿರ ಮಕ್ಕಳಿಗೆ ಇದನ್ನು ಮೂರು ಮಾರ್ಕಿನ ಪ್ರಶ್ನೆ ಅಂತ ಹೇಳುವುದು ಹೇಗೆ?

ನಮ್ಮ ಜಿಲ್ಲೆಗೆ ಸರಾಸರಿಯ ಮೇಲೆ ವಿಪರೀತ ಪ್ರೀತಿ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಉಡುಪಿ ಶೇ 94 ಪಡೆದು ರಾಜ್ಯಕ್ಕೇ ಮೊದಲು. 2025ರಲ್ಲಿ ಶೇ 89.96, ದಕ್ಷಿಣ ಕನ್ನಡದ 91.12ರ ನಂತರ ಎರಡನೇ ಸ್ಥಾನ. ಫ್ಲೆಕ್ಸು, ಸಿಹಿ, ಅಭಿನಂದನೆ. ಸಂತೋಷವೇ, ನಮ್ಮ ಮಕ್ಕಳೂ ಅದರಲ್ಲಿದ್ದಾರೆ. ಆದರೆ 2024ರಲ್ಲಿ ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ್ದರು ಅನ್ನುವುದನ್ನು ಫ್ಲೆಕ್ಸಿನಲ್ಲಿ ಯಾರೂ ಬರೆಯಲಿಲ್ಲ. ಕೋಲಿನ ಉದ್ದ ಬದಲಾದರೆ ಅಳತೆ ಬದಲಾಗುತ್ತದೆ. ಅದಕ್ಕಿಂತ ಮುಖ್ಯ, ಪರೀಕ್ಷೆಗೆ ಕೂತವರಲ್ಲಿ ಎಷ್ಟು ಪಾಸು ಅನ್ನುವುದು ಒಂದು ಲೆಕ್ಕ, ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಎಷ್ಟು ಜನ ಆ ಪರೀಕ್ಷೆಯ ಬೆಂಚಿನವರೆಗೆ ಬಂದರು ಅನ್ನುವುದು ಬೇರೆ ಲೆಕ್ಕ. ಭಾಗಿಸುವ ಸಂಖ್ಯೆ ಯಾವುದು ಅಂತ ಕೇಳಲು ನಮ್ಮ ಮಕ್ಕಳಿಗೆ ಬರಬೇಕು.

ಕೊರಗರ ಸಂಖ್ಯೆಯನ್ನೇ ತೆಗೆದುಕೊಳ್ಳಿ. 2001ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 16,071. 2011ರಲ್ಲಿ 14,794. ಅದೇ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಏರಿತು, ಕೊರಗರದ್ದು ಹತ್ತಿರ ಹತ್ತಿರ ಶೇ 8ರಷ್ಟು ಇಳಿಯಿತು. ಎರಡು ಕಡ್ಡಿ ಎದುರುಬದುರು ನಿಲ್ಲಿಸಿದರೆ ಐದನೇ ಕ್ಲಾಸಿನ ಮಗುವಿಗೂ ಕಾಣುತ್ತದೆ. ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಕಾಗದದಲ್ಲಿ ಬಿಡುಗಡೆ ಬಂದ ಮರುದಶಕದಲ್ಲೇ ಜನವೇ ಕರಗಿದರು. ಯಾಕೆ ಅಂತ ಕೇಳಿದ ಹುಡುಗಿಗೆ ನಾನು ಉತ್ತರ ಹೇಳಲಿಲ್ಲ, ಮುಂದಿನ ಪ್ರಶ್ನೆ ಬರೆಸಿದೆ. ಯಾವ ವಯಸ್ಸಿನವರು ಸಾಯುತ್ತಿದ್ದಾರೆ? ಎಷ್ಟು ಮಕ್ಕಳು ಹುಟ್ಟುತ್ತಿದ್ದಾರೆ? ಎಷ್ಟು ಜನ ಜಾತಿ ಹೆಸರು ಹೇಳಲು ಹೆದರಿ ಬೇರೆ ಬರೆಸಿದರು? ಮೂರಕ್ಕೂ ಬೇರೆ ಬೇರೆ ಲೆಕ್ಕ ಬೇಕು. ಹೀಗೆ ಬಿಡಿಸುವುದನ್ನೇ ಸಂಖ್ಯಾಶಾಸ್ತ್ರ ಅನ್ನುವುದು.

"ಲೆಕ್ಕ ಗಿಕ್ಕ ಬಿಡಿ, ಚಳವಳಿಗೆ ಬೇಕಾದದ್ದು ಹಾಡು, ಘೋಷಣೆ" ಅನ್ನುವ ನಮ್ಮವರೂ ಇದ್ದಾರೆ. ಅಣ್ಣಂದಿರೇ, ನಿಮ್ಮ ಹಾಡಿನ ಮೇಲೆ ನನಗೆ ಪ್ರೀತಿ ಇದೆ. ಆದರೆ ಬಾಬಾಸಾಹೇಬರನ್ನು ಗೋಡೆ ಮೇಲೆ ನೋಡಿ ನೋಡಿ ಅವರು ಓದಿದ್ದು ಅರ್ಥಶಾಸ್ತ್ರ ಅನ್ನುವುದನ್ನೇ ಮರೆತಿದ್ದೇವೆ. 1918ರಲ್ಲಿ ಅವರು ಬರೆದದ್ದು ಭಾರತದ ಸಣ್ಣ ಹಿಡುವಳಿಗಳ ಬಗ್ಗೆ, ಅಂಕಿಅಂಶ ಇಟ್ಟುಕೊಂಡು. ಹಿಡುವಳಿಯ ಗಾತ್ರ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ, ಅದಕ್ಕೆ ಹೂಡುವ ದುಡಿಮೆ ಬಂಡವಾಳ ಎಷ್ಟು ನೋಡಿ ಅಂತ ವಾದಿಸಿದರು. 1932ರಲ್ಲಿ ಲೋಥಿಯನ್ ಸಮಿತಿಯ ಹೊತ್ತಿಗೆ ಏನಾಯಿತು ನೋಡಿ. ಸಂಯುಕ್ತ ಪ್ರಾಂತ್ಯದಲ್ಲಿ ಜನಗಣತಿಯ ಅಂದಾಜಿನಂತೆ ಅಸ್ಪೃಶ್ಯರು 1.26 ಕೋಟಿ. ಅಲ್ಲಿನ ಪ್ರಾಂತೀಯ ಸಮಿತಿ ಹೇಳಿದ್ದು 6 ಲಕ್ಷ! ಬಂಗಾಳದಲ್ಲಿ 1.03 ಕೋಟಿ ಜನ ಸಮಿತಿಯ ಬಾಯಲ್ಲಿ 70 ಸಾವಿರ ಆದರು. ಮತದಾನದ ಹಕ್ಕು, ಸೀಟು ಹಂಚುವ ಹೊತ್ತು ಬಂದ ಕೂಡಲೇ ಕೋಟಿ ಜನ ಮಾಯ. ಅದನ್ನು ಕೋಷ್ಟಕದಲ್ಲಿ ಬರೆದಿಟ್ಟವರು ಬಾಬಾಸಾಹೇಬರೇ. ನಿಮ್ಮನ್ನು ಕಡಿಮೆ ಎಣಿಸಿ ಅಳಿಸುವುದು ಹೊಸ ತಂತ್ರ ಅಲ್ಲ.

ಅಮೆರಿಕದ ಕಪ್ಪು ಜನರಿಗೂ ಇದು ಗೊತ್ತಿತ್ತು. 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಡು ಬೊಯ್ಸ್ ಅವರು ಅಟ್ಲಾಂಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಯಲ್ಲಿ ಬಣ್ಣದ ನಕ್ಷೆಗಳನ್ನು ಬರೆಸಿಕೊಂಡು ಹೋದರು. ಗುಲಾಮಗಿರಿ ಮುಗಿದು ಒಂದು ತಲೆಮಾರಿನಲ್ಲಿ ತಮ್ಮವರ ಕೈಗೆ ಎಷ್ಟು ಜಮೀನು ಬಂತು, ಎಷ್ಟು ಜನ ಓದು ಕಲಿತರು, ಎಲ್ಲ ಕೈಬರಹದ ಚಿತ್ರ. ಬಾಬಾಸಾಹೇಬರು 1946ರಲ್ಲಿ ಪತ್ರ ಬರೆದದ್ದು ಇದೇ ಡು ಬೊಯ್ಸ್‌ಗೆ. ಅವರ ಆ ನಕ್ಷೆಗಳಿಗೂ ನಮ್ಮ ಹುಣಸೆ ಬೀಜದ ರಟ್ಟಿಗೂ ವ್ಯತ್ಯಾಸ ಬಹಳ ಇಲ್ಲ, ನಮ್ಮದನ್ನು ಪ್ರದರ್ಶನಕ್ಕಿಂತ ಮೊದಲೇ ಇಳಿಸಿದರು ಅನ್ನುವುದು ಬಿಟ್ಟರೆ.

ಅಷ್ಟು ದೂರ ಯಾಕೆ? ನಮ್ಮ ಕುಂದಾಪುರ ತಾಲೂಕಿನಲ್ಲೇ, ಬೈಂದೂರೂ ಅದರೊಳಗೇ ಇದ್ದ ಕಾಲದಲ್ಲಿ, 1990ರ ದಶಕದಲ್ಲಿ, ಭೀಮ ಸಂಘದ ದುಡಿಯುವ ಮಕ್ಕಳು ಮಕ್ಕಳ ಪಂಚಾಯಿತಿ ನಡೆಸಿದರು. ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆ ಜೊತೆಗಿತ್ತು. ಮಕ್ಕಳೇ ಊರಿನ ಮಾಹಿತಿ ಸಂಗ್ರಹಿಸಿ ದೊಡ್ಡವರ ಪಂಚಾಯಿತಿ ಮುಂದಿಡುತ್ತಿದ್ದರು. ಆಮೇಲೆ ಇಡೀ ರಾಜ್ಯದ ಪಂಚಾಯಿತಿಗಳಿಗೆ ಮಕ್ಕಳ ಗ್ರಾಮಸಭೆ ಬಂತು. ಈಗ ಹೆಚ್ಚಿನ ಕಡೆ ಅದು ಬ್ಯಾನರು, ಸ್ವಾಗತ, ಎರಡು ಭಾಷಣ, ಒಂದು ಲಡ್ಡು. "ಇಂಥದ್ದೆಲ್ಲ ನಮ್ಮ ಊರಿಗೆ ಹೊಸತು" ಅನ್ನುವವರಿಗೆ ತಮ್ಮ ಊರಿನ ಚರಿತ್ರೆಯೇ ಗೊತ್ತಿಲ್ಲ.

ನಗು ಬರುವ ವಿಷಯ ಇನ್ನೊಂದಿದೆ. 2025ರ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆ ಆಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ್ದು. ಮನೆ ಮನೆಗೆ ಬಂದವರು ಯಾರು? ನಮ್ಮ ಮಕ್ಕಳ ಮೇಷ್ಟ್ರು, ಟೀಚರುಗಳೇ. ಎರಡನೆಯದಕ್ಕಂತೂ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಲೆಕ್ಕ ಮಾಡಲು ಶಾಲೆಗೆ ಬೀಗ ಹಾಕಬಹುದು, ಶಾಲೆಯೊಳಗೆ ಮಕ್ಕಳು ಲೆಕ್ಕ ಮಾಡಿದರೆ ಊರಿನ ಮರ್ಯಾದೆ ಹೋಗುತ್ತದೆ!

ಮೇ ತಿಂಗಳ ಆ ಸಮೀಕ್ಷೆಯಲ್ಲಿ ನಮ್ಮ ಕರಾವಳಿಯ ಪಾಡು ನೆನಪಿರಬಹುದು. ಸರ್ಟಿಫಿಕೇಟಿನಲ್ಲಿ "ಆದಿ ದ್ರಾವಿಡ", ಮನೆಯೊಳಗೆ ಹೇಳಿಕೊಳ್ಳುವ ಹೆಸರು ಬೇರೆ. ಯಾವುದನ್ನು ಬರೆಸುವುದು? ಎಷ್ಟೋ ಮನೆಗಳಲ್ಲಿ ಅಪ್ಪ ಒಂದು, ಚಿಕ್ಕಪ್ಪ ಇನ್ನೊಂದು. ಆಯೋಗ ಆಗಸ್ಟ್ 4ರಂದು ಐದು ಗುಂಪಿನ ಶಿಫಾರಸು ಕೊಟ್ಟಿತು, ಅದರಲ್ಲಿ ಆದಿ ದ್ರಾವಿಡ, ಆದಿ ಕರ್ನಾಟಕ, ಆದಿ ಆಂಧ್ರ ಅಂತಲೇ ಬರೆಸಿದವರಿಗೆ ಒಂದು ಬೇರೆ ಗುಂಪು, ಅಲೆಮಾರಿಗಳಿಗೆ ಒಂದು. ಆಗಸ್ಟ್ 19ರಂದು ಸಂಪುಟ ಅದನ್ನು ಮೂರು ಗುಂಪು ಮಾಡಿ 6, 6, 5 ಅಂತ ಹಂಚಿತು. ಅಲೆಮಾರಿಗಳ ಶೇ 1 ಹೋಯಿತು, ಅವರು ಬೀದಿಗೆ ಬಂದರು. ವರ್ಗಾಂತರವನ್ನು ಎಲ್ಲಿ ಕತ್ತರಿಸುತ್ತೀರೋ ಅದರ ಮೇಲೆ ಚಿತ್ರ ನಿಲ್ಲುತ್ತದೆ ಅಂತ ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲೇ ಇದೆಯಲ್ಲ. 2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುತ್ತಾರಂತೆ, 1931ರ ನಂತರ ಮೊದಲ ಸಲ ಎಲ್ಲ ಜಾತಿಗಳನ್ನೂ. ಆ ಅಂಕಿ ಹೊರಗೆ ಬಂದಾಗ ಓದಲು ನಮ್ಮ ಕಾಲೊನಿಯಲ್ಲಿ ಯಾರಿದ್ದಾರೆ? ಟಿವಿಯವರು ಹೇಳಿದ್ದನ್ನು ನಂಬಬೇಕಾ?

ಹೆದ್ದಾರಿ 66ರ ಬದಿಯ ದೊಡ್ಡ ಶಾಲೆಗಳ ಬೋರ್ಡು ನೋಡಿದ್ದೀರಿ. ಕೋಡಿಂಗ್, ಡೇಟಾ ಸೈನ್ಸ್, ಎಐ ಲ್ಯಾಬ್. ನಮ್ಮ ಸರ್ಕಾರಿ ಶಾಲೆಗೂ ಯಾರೋ ದಾನಿಗಳು ಸ್ಮಾರ್ಟ್ ಬೋರ್ಡ್ ಕೊಟ್ಟಿರುತ್ತಾರೆ, ಅದರಲ್ಲಿ ಪರದೆಯ ಮೇಲೆ ದಾಳ ತಾನಾಗಿ ಉರುಳುತ್ತದೆ, ಮಗು ನೋಡುತ್ತಾ ಕೂರುತ್ತದೆ. ಅದನ್ನು ಸಂವಾದಾತ್ಮಕ ಕಲಿಕೆ ಅನ್ನುತ್ತಾರಂತೆ. ಕರೆಂಟು ಹೋದರೆ ಸಂಭವನೀಯತೆ ಸೊನ್ನೆ. ನನಗೆ ಯಂತ್ರದ ಮೇಲೆ ದ್ವೇಷ ಇಲ್ಲ. ಆದರೆ ದಾಳವನ್ನು ಮಗು ತಾನೇ ಉರುಳಿಸಬೇಕು, ತಪ್ಪು ಎಣಿಸಬೇಕು, ಪಕ್ಕದವಳ ಜೊತೆ ಜಗಳ ಮಾಡಿ ಮತ್ತೆ ಎಣಿಸಬೇಕು. ಖರ್ಚು? ಹುಣಸೆ ಬೀಜಕ್ಕೆ ದುಡ್ಡು ಕೊಟ್ಟವರನ್ನು ನಾನು ಇನ್ನೂ ನೋಡಿಲ್ಲ.

ಇದರಿಂದ ಏನು ಪ್ರಯೋಜನ ಅಂತ ಕೇಳುವವರಿಗೆ ಒಂದು ಮಾತು. ಡಿ.ಸಿ. ಮನ್ನಾ ಭೂಮಿಯ ಬಗ್ಗೆ ನಾವು ಕೊಟ್ಟ ಮನವಿಗಳಿಗೆ ಲೆಕ್ಕವಿಲ್ಲ. ಕಣ್ಣೀರು ಬರುವಂಥ ಭಾಷೆ, ಕೊನೆಗೆ ಐವತ್ತು ಸಹಿ. ಸಾಹೇಬರು ನಿಂತಲ್ಲೇ ಸ್ವೀಕರಿಸಿ ಫೋಟೋಕ್ಕೆ ಮುಖ ಕೊಟ್ಟು ಕಳಿಸುತ್ತಿದ್ದರು. ಒಂದು ಸಲ ಮಾತ್ರ, ಪಿಯುಸಿ ಓದುವ ನಮ್ಮ ಇಬ್ಬರು ಹುಡುಗಿಯರು ಮಾಹಿತಿ ಹಕ್ಕಿನಲ್ಲಿ ಬಂದ ಕಾಗದಗಳನ್ನು ಗ್ರಾಮವಾರು, ಸರ್ವೆ ನಂಬರುವಾರು ಕೋಷ್ಟಕ ಮಾಡಿದರು. ಕಾಗದದಲ್ಲಿ ಎಷ್ಟು, ಹಂಚಿದ್ದು ಎಷ್ಟು, ಯಾರ ಸ್ವಾಧೀನದಲ್ಲಿ ಎಷ್ಟು. ಆ ದಿನ ಸಾಹೇಬರು ಕುರ್ಚಿ ಹಾಕಿಸಿದರು. ಭೂಮಿ ಇನ್ನೂ ಸಿಕ್ಕಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ "ಪರಿಶೀಲಿಸುತ್ತೇವೆ" ಅನ್ನುವ ಬದಲು, "ಈ ಮೂರನೇ ಕಾಲಮ್ಮು ಎಲ್ಲಿಂದ ತಂದಿರಿ?" ಅಂತ ಕೇಳಿದರು.

ನಮ್ಮ ಬೇಡಿಕೆ ದೊಡ್ಡದಲ್ಲ. ಮೂರೂ ತಾಲೂಕಿನ ಪ್ರತಿ ಸರ್ಕಾರಿ ಪ್ರೌಢಶಾಲೆಯಲ್ಲಿ ಸಂಖ್ಯಾಶಾಸ್ತ್ರದ ಪಾಠಕ್ಕೆ ವರ್ಷಕ್ಕೊಂದು ಸಲ ಮಕ್ಕಳು ತಮ್ಮ ಊರಿನದ್ದೇ ಒಂದು ವಿಷಯವನ್ನು ಎಣಿಸಲಿ. ವಿಷಯ ಮಕ್ಕಳೇ ಆರಿಸಲಿ, ಯಾರ ಜಾತಿ, ಯಾರ ಹೆಸರೂ ಬರೆಯುವುದು ಬೇಡ. ಆ ರಟ್ಟನ್ನು ಮಕ್ಕಳ ಗ್ರಾಮಸಭೆಯಲ್ಲಿ ಪಿಡಿಒ ಎದುರಿಗೆ ನಿಲ್ಲಿಸಲಿ, ಉತ್ತರ ನಡಾವಳಿಯಲ್ಲಿ ದಾಖಲಾಗಲಿ. ಕಲಿಸಿದ ಶಿಕ್ಷಕರಿಗೆ ಯಾರೂ ಕಿರುಕುಳ ಕೊಡಬಾರದು. ಬಿಇಒ ಕಚೇರಿಗಳಿಗೆ ಈ ವಾರ ಮನವಿ ಕೊಡುತ್ತೇವೆ, ಈ ಸಲ ಕೋಷ್ಟಕದ ಜೊತೆ.

ಇಳಿಸಿದ ರಟ್ಟು ನಮ್ಮ ಹತ್ತಿರ ಇದೆ. ಎರಡು ಬೀಜ ಉದುರಿದ್ದವು, ಮಕ್ಕಳು ಮತ್ತೆ ಅಂಟಿಸಿದ್ದಾರೆ. ಏಪ್ರಿಲ್ ಹದಿನಾಲ್ಕಕ್ಕೆ ಅಂಬೇಡ್ಕರ್ ಭವನದ ಬಾಗಿಲಲ್ಲೇ ಇಡುತ್ತೇವೆ, ಆ ಗಣ್ಯರಿಗೂ ಆಮಂತ್ರಣ ಇದೆ.

ಭಾನುವಾರದ ಆಟ ನಿಂತಿಲ್ಲ. ಮುಂದಿನ ಪ್ರಶ್ನೆಯನ್ನು ಮಕ್ಕಳು ಆಗಲೇ ಆರಿಸಿ ಆಗಿದೆ. ಯೂನಿಫಾರಂ ಹಾಕಿದ, ಪಾಸ್ ಇರುವ ಮಕ್ಕಳು ಕೈ ತೋರಿಸಿದರೆ ಎಷ್ಟು ಬಸ್ಸು ನಿಲ್ಲುತ್ತದೆ, ಎಷ್ಟು ನಿಲ್ಲುವುದಿಲ್ಲ. ಎರಡು ಸ್ಟಾಪು, ಒಂದು ವಾರ, ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ. ಒಂದು ಸ್ಟಾಪು ಪೇಟೆಯದ್ದು, ಇನ್ನೊಂದು ನಮ್ಮ ಕಾಲೊನಿಯ ತಿರುವಿನದ್ದು. ನಿಂತ ಬಸ್ಸಿಗೆ ಸುಣ್ಣದ ಬೀಜ, ನಿಲ್ಲದ್ದಕ್ಕೆ ಬರೀ ಬೀಜ. ಬಸ್ಸಿನವರು ಈಗಲೇ ಸಿಟ್ಟು ಮಾಡಿಕೊಳ್ಳಬೇಡಿ, ಲೆಕ್ಕ ಇನ್ನೂ ಶುರುವಾಗಿಲ್ಲ. ಜೊತೆಗೆ ನಿಲ್ಲಲು ನಾಲ್ಕು ಜನ ದೊಡ್ಡವರು ಬೇಕು, ಬೆಳಿಗ್ಗೆ ಪುರುಸೊತ್ತಿದ್ದವರು ಇನ್‌ಬಾಕ್ಸಿಗೆ ಬನ್ನಿ. ಬೀಜ ಸಾಕಷ್ಟಿದೆ, ರಟ್ಟು ಇದ್ದರೆ ತನ್ನಿ.